ಸಂಶೋಧನಾ ಆಸ್ಪತ್ರೆಯ ಯೋಜನೆಯಲ್ಲಿ ಜೀಪಿನ ಖರ್ಚೂ ಇರಲಿ

ಭಾರತೀಯ ವಿಜ್ಞಾನ ಸಂಸ್ಥೆ ತನ್ನ ಬೆಂಗಳೂರಿನ ಆವರಣದಲ್ಲಿ ವೈದ್ಯಕೀಯ ಶಾಲೆ ತೆರೆಯಲಿದೆ, ಜೊತೆಗೆ 800 ಹಾಸಿಗೆಗಳ ಆಸ್ಪತ್ರೆಯನ್ನೂ ಕಟ್ಟಲಿದೆ ಎಂದು 2022ರ ಫೆಬ್ರುವರಿಯಲ್ಲಿ ಪ್ರಕಟವಾದಾಗ, ನಮ್ಮ ವೃತ್ತಿಯಲ್ಲಿರುವ ಬಹಳಷ್ಟು ಮಂದಿಗೆ ನಿಜವಾಗಿ ಸಂತೋಷವಾಯಿತು. ಸಾಫ್ಟ್‌ವೇರ್ ಉದ್ಯಮದ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ಅದಕ್ಕೆ ಒಟ್ಟು 425 ಕೋಟಿ ರೂಪಾಯಿ ಕೊಡಲು ಮುಂದಾಗಿದ್ದರು. ಜೂನ್‌ನಲ್ಲಿ ಪ್ರಧಾನಿ ಆಸ್ಪತ್ರೆಗೆ ಶಂಕುಸ್ಥಾಪನೆ ಮಾಡಿದರು. ಅದೇ ದಿನ ಅದೇ ಆವರಣದಲ್ಲಿ ಮಿದುಳು ಸಂಶೋಧನಾ ಕೇಂದ್ರದ ಕಟ್ಟಡವೂ ಉದ್ಘಾಟನೆಯಾಯಿತು.

ಈ ಯೋಜನೆಯಲ್ಲಿ ನನಗೆ ಅತಿ ಮುಖ್ಯವಾಗಿ ಕಂಡದ್ದು ಹಾಸಿಗೆಗಳ ಸಂಖ್ಯೆಯಲ್ಲ, ಎಂ.ಡಿ. ಮತ್ತು ಪಿಎಚ್.ಡಿ.ಗಳನ್ನು ಒಟ್ಟಿಗೆ ಓದಿಸುವ ಆಲೋಚನೆ. ನಮ್ಮಲ್ಲಿ ರೋಗಿಯನ್ನು ನೋಡುವವರಿಗೆ ಪ್ರಯೋಗಾಲಯಕ್ಕೆ ಹೋಗಲು ಪುರಸೊತ್ತಿಲ್ಲ, ಪ್ರಯೋಗಾಲಯದಲ್ಲಿ ಕುಳಿತವರಿಗೆ ರೋಗಿ ಸಿಗುವುದಿಲ್ಲ. ಹೊರರೋಗಿ ವಿಭಾಗದ ಸಾಲು ಮುಗಿಸಿ ಮಧ್ಯಾಹ್ನ ಮೂರಕ್ಕೆ ಊಟಕ್ಕೆ ಕೂರುವ ವೈದ್ಯರಿಂದ ಸಂಶೋಧನೆ ಬರಲಿಲ್ಲವೆಂದು ದೂರುವುದು ಅನ್ಯಾಯ. ಎರಡನ್ನೂ ಬಲ್ಲವರು ನಮಗೆ ಬೇಕು, ವಾರದಲ್ಲಿ ಇಂತಿಷ್ಟು ಹೊತ್ತು ಸಂಶೋಧನೆಗೇ ಮೀಸಲೆಂದು ಅವರ ನೇಮಕಾತಿ ಪತ್ರದಲ್ಲೇ ಬರೆದಿರಬೇಕು.

ಆದರೆ ಇಂಥ ಯೋಜನೆಗಳ ಸುದ್ದಿ ಓದುವಾಗಲೆಲ್ಲ ನಾನು ಹುಡುಕುವ ಸಾಲೊಂದಿದೆ: ಹಳ್ಳಿಗೆ ಹೋಗಿ ಬರುವವರ ಸಂಬಳ ಎಷ್ಟು, ಎಷ್ಟು ವರ್ಷಕ್ಕೆ? ಜನರನ್ನು ದೀರ್ಘಕಾಲ ಹಿಂಬಾಲಿಸುವ ಅಧ್ಯಯನಗಳಲ್ಲಿ ಕೆಲಸ ಮಾಡುವವನಾದ್ದರಿಂದ ಕಟ್ಟಡದ ಚದರಡಿಗಿಂತ ಅದೇ ನನಗೆ ಹೆಚ್ಚು ಮುಖ್ಯ.

ಇದಕ್ಕೆ ಸಾಕ್ಷಿ ನಮ್ಮ ಊರಿನಲ್ಲೇ ಇದೆ. ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದದ್ದು 1959ರಲ್ಲಿ. ಅಲ್ಲಿನವರು 1961ರಿಂದ 1968ರ ನಡುವೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಿಗೆ ನಾಲ್ಕು ಸುತ್ತು ಹೋದರು. ಕ್ಷಯ ಯಾರಿಗೆ ಹೊಸದಾಗಿ ಬಂತು, ಯಾರಿಗೆ ತಾನಾಗಿ ವಾಸಿಯಾಯಿತು, ಯಾರು ತೀರಿಕೊಂಡರು ಎಂಬುದು ಮರಳಿ ಮರಳಿ ಅದೇ ಮನೆಗಳಿಗೆ ಹೋಗದಿದ್ದರೆ ಗೊತ್ತಾಗುತ್ತಲೇ ಇರಲಿಲ್ಲ. ಅದೇ ಕಾಲದಲ್ಲಿ ಅವರು ತುಮಕೂರು ಜಿಲ್ಲೆಯಲ್ಲಿ ಇನ್ನೊಂದು ಪ್ರಶ್ನೆ ಕೇಳಿದರು: ಕ್ಷಯವಿದ್ದವರಿಗೆ ತಮ್ಮ ಕಾಯಿಲೆಯ ಪರಿವೆ ಇದೆಯೇ? ಹಳ್ಳಿಯವರಿಗೆ ತಿಳಿವಳಿಕೆ ಇಲ್ಲವೆಂಬ ಮಾತು ಆಗ ಎಲ್ಲರ ಬಾಯಲ್ಲಿತ್ತು. ನೋಡಿದರೆ, ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿ ಬಂದಿದ್ದರು. ಸರಿಯಾದ ಪರೀಕ್ಷೆಯಿಲ್ಲದೆ ಕೆಮ್ಮಿನ ಔಷಧಿ ಕೊಟ್ಟು ಅವರನ್ನು ವಾಪಸು ಕಳುಹಿಸಲಾಗಿತ್ತು. ಕೊರತೆ ಇದ್ದದ್ದು ಆಸ್ಪತ್ರೆಯ ಕಡೆ. ಸಾಮಾನ್ಯ ಆಸ್ಪತ್ರೆಗಳಲ್ಲೇ ಕಫ ಪರೀಕ್ಷೆ ಮಾಡಿ ಔಷಧಿ ಕೊಡುವ ರಾಷ್ಟ್ರೀಯ ಕ್ಷಯ ಕಾರ್ಯಕ್ರಮಕ್ಕೆ ಇಂಥ ಕೆಲಸವೇ ಬುನಾದಿ. ಬೆಂಗಳೂರಿನ ವೈದ್ಯಕೀಯ ಸಂಶೋಧನೆ ದೇಶಕ್ಕೆ ಕೊಟ್ಟ ಇಷ್ಟು ದೊಡ್ಡ ಕೊಡುಗೆ ಹುಟ್ಟಿದ್ದು ದೂಳಿನ ರಸ್ತೆಗಳಲ್ಲಿ.

ಇಂದಿಗೂ ಆ ದಾರಿ ಮುಚ್ಚಿಲ್ಲ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದ ಹತ್ತು ಸಾವಿರ ಮಂದಿಯನ್ನು ಸೇರಿಸಿಕೊಂಡು, ವಯಸ್ಸಾದಂತೆ ಅವರ ಮಿದುಳು ಹೇಗೆ ಬದಲಾಗುತ್ತದೆಂದು ವರ್ಷಗಟ್ಟಲೆ ನೋಡುವ ಗುರಿಯನ್ನು ಮಿದುಳು ಸಂಶೋಧನಾ ಕೇಂದ್ರ ಇಟ್ಟುಕೊಂಡಿದೆ. ಮರೆವಿನ ಕಾಯಿಲೆಯ ಬಗ್ಗೆ ನಮಗಿರುವ ಜ್ಞಾನದ ಬಹುಪಾಲು ಪಾಶ್ಚಾತ್ಯ ದೇಶಗಳ, ಓದುಬರಹ ಬಲ್ಲವರ ಮೇಲೆ ನಡೆದ ಅಧ್ಯಯನಗಳಿಂದ ಬಂದದ್ದು. ಶಾಲೆಯ ಮೆಟ್ಟಿಲು ಹತ್ತದ ರೈತ ಮಹಿಳೆಯ ನೆನಪಿನ ಶಕ್ತಿಯನ್ನು ಕಾಗದ ಪೆನ್ಸಿಲ್ ಕೊಟ್ಟು ಅಳೆಯಲಾಗದು. ಅದಕ್ಕಾಗಿ ಈ ಕೆಲಸದ ಬೆಲೆ ದೊಡ್ಡದು.

ಹೊರಗಿನವರಿಗೆ ಕಾಣದ ಭಾಗವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಕ್ಕರೆ, ಕೊಬ್ಬಿನ ಪ್ರಮಾಣ ನೋಡಲು ಖಾಲಿ ಹೊಟ್ಟೆಯ ರಕ್ತ ಬೇಕು. ಎಪ್ಪತ್ತು ದಾಟಿದವರು ಬೆಳಗಿನ ಜಾವ ಏನೂ ತಿನ್ನದೆ ಹೊರಟು ಬರಬೇಕು. ರಕ್ತ ತೆಗೆದ ಕೂಡಲೇ ಇಡ್ಲಿ, ಕಾಫಿ ಸಿದ್ಧವಿರಬೇಕು, ಇಲ್ಲದಿದ್ದರೆ ತಲೆಸುತ್ತು ಬಂದು ಬೀಳುತ್ತಾರೆ. ಜೊತೆಗೆ ಬಂದ ಮಗನದು ಒಂದು ದಿನದ ಕೂಲಿ ಹೋಗುತ್ತದೆ. ಮಾವಿನ ಕೊಯ್ಲಿನ ತಿಂಗಳಲ್ಲಿ ಕರೆದರೆ ಯಾರೂ ಬರುವುದಿಲ್ಲ, ಬರಬೇಕೆಂದು ನಿರೀಕ್ಷಿಸುವುದೂ ತಪ್ಪು. ಎರಡನೇ ಸುತ್ತಿನ ಹೊತ್ತಿಗೆ ಮೊಬೈಲ್ ಸಂಖ್ಯೆ ಬದಲಾಗಿರುತ್ತದೆ, ಮನೆಯವರು ಗಾರ್ಮೆಂಟ್ಸ್ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿರುತ್ತಾರೆ. ಅವರು ಈಗ ಯಾವ ಬೀದಿಯಲ್ಲಿದ್ದಾರೆ ಎಂಬುದು ಯಾವ ಕಂಪ್ಯೂಟರಿಗೂ ಗೊತ್ತಿರುವುದಿಲ್ಲ. ಆ ಊರಿನ ಆಶಾ ಕಾರ್ಯಕರ್ತೆಗೆ ಮತ್ತು ಆಕೆಯೊಡನೆ ಒಳ್ಳೆಯ ಬಾಂಧವ್ಯ ಇಟ್ಟುಕೊಂಡಿರುವ ನಮ್ಮ ಕ್ಷೇತ್ರ ಸಿಬ್ಬಂದಿಗೆ ಗೊತ್ತಿರುತ್ತದೆ. ಆ ಸಿಬ್ಬಂದಿಯನ್ನು ನಾವು ಹನ್ನೊಂದು ತಿಂಗಳ ಗುತ್ತಿಗೆಯಲ್ಲಿ ಇಟ್ಟುಕೊಳ್ಳುತ್ತೇವೆ. ಅನುದಾನದ ಕಂತು ತಡವಾದರೆ ಸಂಬಳ ನಿಲ್ಲುತ್ತದೆ. ಅವರು ಬೇರೆ ಕೆಲಸ ನೋಡಿಕೊಂಡು ಹೋದ ದಿನ ನೂರಾರು ಮನೆಗಳ ವಿಶ್ವಾಸವೂ ಅವರ ಜೊತೆ ಹೋಗುತ್ತದೆ.

ಅಧ್ಯಯನಕ್ಕೆ ಸೇರುವವರಿಂದ ಪಡೆಯುವ ಒಪ್ಪಿಗೆ ಪತ್ರದ ವಿಷಯವೂ ಹೀಗೆಯೇ. ಕೋಲಾರದ ಕಡೆ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು. ಕನ್ನಡದ ಪತ್ರವೊಂದೇ ಅಲ್ಲಿ ಸಾಲದು. "ಎಲ್ಲಿ ಸಹಿ ಹಾಕಬೇಕು ತೋರಿಸಿ ಸಾರ್, ನೀವು ಹೇಳಿದ ಮೇಲೆ ಇನ್ನೇನು" ಎನ್ನುವ ಹಿರಿಯರು ಪ್ರತಿ ಶಿಬಿರದಲ್ಲೂ ಸಿಗುತ್ತಾರೆ. "ತಾತ, ಇದು ಚಿಕಿತ್ಸೆಯಲ್ಲ. ಬೇಡವೆಂದರೂ ನಿಮ್ಮ ಮಾತ್ರೆ ನಿಮಗೆ ಸಿಗುತ್ತದೆ" ಎಂದು ಬಿಡಿಸಿ ಹೇಳಿ, ಅವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳುವವರೆಗೆ ಕಾಯಲು ಅರ್ಧ ಗಂಟೆಯಾದರೂ ಬೇಕು. ವೈದ್ಯರ ಮೇಲಿನ ಭಕ್ತಿಯನ್ನು ಒಪ್ಪಿಗೆಯೆಂದು ಬರೆದುಕೊಳ್ಳುವುದು ನನ್ನ ದೃಷ್ಟಿಯಲ್ಲಿ ವಂಚನೆ. ಆ ಅರ್ಧ ಗಂಟೆಗೂ ಒಬ್ಬರಿಗೆ ಸಂಬಳ ಕೊಡಬೇಕು.

ಹಾಗೆ ಪಡೆದ ರಕ್ತದ ಮಾದರಿ ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿ ಹತ್ತಿಪ್ಪತ್ತು ವರ್ಷ ಇರಬೇಕು. ಫ್ರೀಜರ್ ಕೊಳ್ಳಲು ಹಣ ಸಿಗುತ್ತದೆ. ಜನರೇಟರಿನ ಡೀಸೆಲ್‌ಗೆ, ಕೆಟ್ಟಾಗ ಮಾದರಿಗಳನ್ನು ಸ್ಥಳಾಂತರಿಸಲು ಖಾಲಿ ಇಟ್ಟ ಇನ್ನೊಂದು ಫ್ರೀಜರಿಗೆ, ರಾತ್ರಿ ಎರಡಕ್ಕೆ ಅಲಾರಂ ಹೊಡೆದರೆ ಓಡಿ ಬರುವ ತಂತ್ರಜ್ಞರಿಗೆ ಹಣ ಕೇಳಿದರೆ ಕಡತ ತಿರುಗಿ ಬರುತ್ತದೆ.

ಸರ್ಕಾರದ ಸಂಶೋಧನಾ ಅನುದಾನ ಸಾಮಾನ್ಯವಾಗಿ ಮೂರು ವರ್ಷಕ್ಕೋ ಐದು ವರ್ಷಕ್ಕೋ ಮುಗಿಯುತ್ತದೆ, ಆದರೆ ವೃದ್ಧಾಪ್ಯದ ಕಾಯಿಲೆಗಳ ಉತ್ತರ ಬರಲು ಅದರ ಎರಡು ಮೂರು ಪಟ್ಟು ಕಾಲ ಬೇಕು. ಆದ್ದರಿಂದ ಬೆಂಗಳೂರಿನ ಹೊಸ ಯೋಜನೆಗಳನ್ನು ರೂಪಿಸುವವರಲ್ಲಿ ನನ್ನ ಬೇಡಿಕೆ ಇಷ್ಟು: ಬರುವ ದಾನದ ಒಂದು ಪಾಲನ್ನು ಕಟ್ಟಡಕ್ಕೆ ಹಾಕದೆ ದತ್ತಿನಿಧಿಯಾಗಿ ಇಡಿ. ಅದರ ಬಡ್ಡಿಯಿಂದ ಕ್ಷೇತ್ರ ಸಿಬ್ಬಂದಿಗೆ ಹತ್ತು ವರ್ಷದ ನೇಮಕ, ವಾಹನ, ಫ್ರೀಜರ್ ಕೋಣೆಯ ಕಾವಲು, ಭಾಗವಹಿಸಿದವರ ಮನೆಗೆ ಅವರ ಭಾಷೆಯಲ್ಲೇ ತಲುಪುವ ವರದಿ, ಇಷ್ಟೂ ನಡೆಯಲಿ. ಎಷ್ಟು ಮೊತ್ತ ಇಡಬೇಕೆಂಬುದು ನಕ್ಷೆ ಅಂತಿಮವಾಗುವ ಮೊದಲೇ ತೀರ್ಮಾನವಾಗಬೇಕು. ಕಟ್ಟಡ ಎದ್ದ ಮೇಲೆ ಕೇಳಿದರೆ ಆ ಹಣ ಉಳಿದಿರುವುದಿಲ್ಲ.