ಜೋಳವಾಳಿ: ಉಂಡ ಜೋಳದ ಲೆಕ್ಕ

ಉಂಡ ಮನೆಯ ಜಂತೆ ಎಣಿಸಬೇಡ ಅಂತ ನಮ್ಮಲ್ಲಿ ಹಿರಿಯರು ಗದರುತ್ತಾರೆ. ಅನ್ನ ಹಾಕಿದವರಿಗೆ ಕೇಡು ಬಗೆಯಬಾರದು, ಅಷ್ಟೇ ಅದರರ್ಥ. ಸಾವಿರ ವರ್ಷದ ಹಿಂದಿನ ಕನ್ನಡಿಗರು ಈ ಮಾತನ್ನು ಇನ್ನೂ ದೂರ ಒಯ್ದಿದ್ದರು. ಕೇಡು ಬಗೆಯದಿದ್ದರೆ ಸಾಲದು, ವೇಳೆ ಬಂದರೆ ಪ್ರಾಣವನ್ನೂ ಕೊಡಬೇಕು. ಅದಕ್ಕೆ ಅವರಿಟ್ಟ ಹೆಸರು ಜೋಳವಾಳಿ.

ಜೋಳ ಅಂದರೆ ನಾವು ರೊಟ್ಟಿ ತಟ್ಟುವ ಅದೇ ಜೋಳ. ಪಾಳಿ ಅಂದರೆ ಕ್ರಮ, ಕಟ್ಟಳೆ. ಎರಡೂ ಕೂಡಿದಾಗ 'ಪ' ಹೋಗಿ 'ವ' ಬಂದಿದೆ. ಜೋಳದ ಪಾಳಿ ಅಂತ ಬಿಡಿಸಿ ಹೇಳುವುದೂ ಉಂಟು. ಒಡೆಯನ ಜೋಳ ಉಂಡವನು ನಡೆಯಬೇಕಾದ ರೀತಿ ಅಂತ ಅರ್ಥ ಮಾಡಿಕೊಳ್ಳಬಹುದು. ರಾಗಿ ಸೀಮೆಯವರು ಬೇಜಾರು ಮಾಡಿಕೊಳ್ಳಬೇಡಿ, ಇಲ್ಲಿ ಜೋಳ ಅಂದರೆ ಒಟ್ಟಾರೆ ಊಟ, ಸಂಬಳ, ಆಸರೆ ಎಲ್ಲವೂ ಹೌದು.

ಪಂಪನ ಕರ್ಣನನ್ನು ಅರ್ಥ ಮಾಡಿಕೊಳ್ಳಲು ಈ ಪದ ಬೇಕೇ ಬೇಕು. ನೀನು ಕುಂತಿಯ ಮಗ, ಪಾಂಡವರ ಅಣ್ಣ ಅಂತ ಗೊತ್ತಾದ ಮೇಲೂ ಅವನು ದುರ್ಯೋಧನನನ್ನು ಬಿಟ್ಟು ಬರುವುದಿಲ್ಲ. ಹೆತ್ತವಳ ಸಂಬಂಧಕ್ಕಿಂತ ಉಂಡ ಮನೆಯ ಋಣ ದೊಡ್ಡದು ಅನ್ನುವ ಲೆಕ್ಕ ಅವನದು. ಪಂಪ 941ರ ಹೊತ್ತಿಗೆ ಭಾರತ ಬರೆದದ್ದು ತನಗೆ ಅನ್ನ ಕೊಟ್ಟ ಅರಸ ಅರಿಕೇಸರಿಗಾಗಿ. ಹಾಗಾಗಿ ಈ ಋಣ ಅಂದರೇನು ಅಂತ ಅವನಿಗೆ ಬೇರೆಯವರು ಹೇಳಿಕೊಡಬೇಕಿರಲಿಲ್ಲ.

ಆದರೆ ನನಗೆ ಜಾಸ್ತಿ ಇಷ್ಟವಾದ ಸಾಕ್ಷಿ ಕಾವ್ಯದಲ್ಲಿಲ್ಲ, ಒಂದು ಕಲ್ಲಿನ ಮೇಲಿದೆ. ಮದ್ದೂರು ತಾಲೂಕಿನ ಆತಕೂರಿನಲ್ಲಿ ಸಿಕ್ಕಿದ 949–50ರ ಶಾಸನ ಅದು. ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗ ಚೋಳರ ರಾಜಾದಿತ್ಯನನ್ನು ಕೊಂದ. ರಾಷ್ಟ್ರಕೂಟ ಚಕ್ರವರ್ತಿ ಮೂರನೇ ಕೃಷ್ಣ ಖುಷಿಯಾಗಿ ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300 ಮುಂತಾದ ನಾಡುಗಳನ್ನು ಕೊಟ್ಟ (ಈ ಅಂಕಿಗಳು ಆ ನಾಡಿಗೆ ಸೇರಿದ ಊರುಗಳ ಲೆಕ್ಕ ಅನ್ನುತ್ತಾರೆ). ಬೂತುಗನ ಆಳು ಮಣಲೆರನೂ ಅಲ್ಲಿ ಚೆನ್ನಾಗಿ ಕಾದಿದ್ದ. ಒಡೆಯ ಮೆಚ್ಚಿ, ಏನು ಬೇಕು ಕೇಳು ಅಂದ. ಮಣಲೆರ ಕೇಳಿದ್ದು ಒಂದು ನಾಯಿಯನ್ನು! ಹೆಸರು ಕಾಳಿ. ಆ ನಾಯಿಯನ್ನು ಬೆಳತೂರಿನ ಹತ್ತಿರದ ಗುಡ್ಡದಲ್ಲಿ ದೊಡ್ಡ ಹಂದಿಯ ಮೇಲೆ ಬಿಟ್ಟಾಗ, ನಾಯಿ ಹಂದಿ ಎರಡೂ ಒಟ್ಟಿಗೇ ಸತ್ತವು. ಮಣಲೆರ ತನ್ನ ನಾಯಿಗೆ ಕಲ್ಲು ನೆಡಿಸಿ, ಪೂಜೆಗೆ ಭೂಮಿ ಬಿಟ್ಟ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಕೆತ್ತನೆಯಲ್ಲಿ ಇರುವುದು ಯುದ್ಧವಲ್ಲ, ಹಂದಿಯ ಮೇಲೆ ಬಿದ್ದ ಕಾಳಿ. ಅಲ್ಲಿ ಪೂಜೆಗೆ ಇದ್ದ ಗೊರವನಿಗೆ ಒಂದು ಎಚ್ಚರಿಕೆಯೂ ಇದೆ: ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಸುತ್ತಿಕೊಳ್ಳುತ್ತದೆ. ಮತ್ತೆ ಊಟದ ಮಾತೇ, ನೋಡಿ.

ಮಣಲೆರನಿಗೆ ನಾಯಿ ಮಾತ್ರ ಸಿಕ್ಕಿದ್ದಲ್ಲ. ಆತಕೂರು ಹನ್ನೆರಡು ಮತ್ತು ಬೆಳ್ವೊಲದ ಕೋಟೆಯೂರು 'ಬಾಳ್ಗಚ್ಚು' ಆಗಿ ಸಿಕ್ಕವು. ಬಾಳ್ ಅಂದರೆ ಕತ್ತಿ, ಕಚ್ಚು ಅಂದರೆ ತೊಳೆಯುವುದು. ಗೆದ್ದ ಆಳಿನ ಕತ್ತಿ ತೊಳೆದು ಕೊಡುವ ಭೂಮಿ ಅದು. ಆಳು ಸತ್ತರೆ ಮನೆಯವರಿಗೆ ಸಿಗುತ್ತಿದ್ದದ್ದು ನೆತ್ತರುಗೊಡಗೆ. ಅಂದರೆ ಜೋಳವಾಳಿ ಒಂದೇ ಕಡೆಯ ಭಕ್ತಿಯಲ್ಲ. ಆಳು ನೆತ್ತರು ಕೊಟ್ಟರೆ ಅರಸ ಹೊಲ ಕೊಡಬೇಕು.

ಇದರ ಪಕ್ಕದಲ್ಲೇ ಇನ್ನೊಂದು ಪದ ಇದೆ: ವೇಳೆವಾಳಿ. ಇದು ಹೆಚ್ಚು ಕಠಿಣ. ಒಡೆಯ ಸತ್ತ ವೇಳೆಗೆ ನಾನೂ ಸಾಯುತ್ತೇನೆ ಅಂತ ಮೊದಲೇ ಮಾತು ಕೊಡುವುದು. ಹೀಗೆ ಮಾತು ಕೊಟ್ಟ ಸೇವಕ ಲೆಂಕ. ಮೈಸೂರು ಜಿಲ್ಲೆಯ ದೊಡ್ಡಹುಂಡಿಯಲ್ಲಿ ಸಿಕ್ಕಿದ 9ನೇ ಶತಮಾನದ ಕಲ್ಲಿನಲ್ಲಿ ಗಂಗರ ನೀತಿಮಾರ್ಗ ಸಾಯುತ್ತಾ ಮಲಗಿದ್ದಾನೆ. ಹಿಂದೆ ಅವನ ಮನೆಯಾಳು ಅಗರಯ್ಯ ಕೂತಿದ್ದಾನೆ. ಅಗರಯ್ಯ ಅರಸನಿಗೆ 'ಕೀಳ್ಗುಂಟೆ' ಆದ ಅಂತ ಬರಹ ಹೇಳುತ್ತದೆ. ಒಡೆಯನನ್ನು ಹೂಳುವ ಗುಂಡಿಯಲ್ಲಿ ಅವನ ಕೆಳಗೆ ತಾನು ಹೋಗಿ ಸೇರುವುದು ಅಂತ ಅದಕ್ಕೆ ವಿದ್ವಾಂಸರು ಅರ್ಥ ಹೇಳುತ್ತಾರೆ.

ಹೊಯ್ಸಳರ ಕಾಲದಲ್ಲಿ ಇಂಥವರಿಗೆ ಗರುಡ ಅನ್ನುವ ಹೆಸರು ಬಂತು. ಹಳೇಬೀಡಿಗೆ ಹೋದವರೆಲ್ಲ ಹೊಯ್ಸಳೇಶ್ವರ ಗುಡಿಯ ಗೋಡೆಗಳ ಫೋಟೋ ತೆಗೆದು ಬಂದುಬಿಡುತ್ತಾರೆ. ದಕ್ಷಿಣಕ್ಕಿರುವ ಕಂಬದ ಹತ್ತಿರ ನಿಲ್ಲುವವರು ಕಡಿಮೆ. ಅದು ಎರಡನೇ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನ ಕಂಬ. ಬಲ್ಲಾಳ 1220ರಲ್ಲಿ ಸತ್ತಾಗ ಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ, ಜೊತೆಗೆ ಸಾವಿರ ವೀರರು ಪ್ರಾಣ ಬಿಟ್ಟರು ಅಂತ ಶಾಸನ ಹೇಳುತ್ತದೆ. ಸಾವಿರ ಅನ್ನುವುದು ಶಾಸನದ ದೊಡ್ಡ ಮಾತೂ ಇರಬಹುದು. ಆದರೆ ಕಂಬದ ಮೇಲೆ ತಮ್ಮ ಕತ್ತಿಯಿಂದ ತಮ್ಮದೇ ತಲೆ ಕೊಯ್ದುಕೊಳ್ಳುತ್ತಿರುವ ಆಳುಗಳಿದ್ದಾರೆ, ಅದನ್ನು ಹತ್ತಿರದಿಂದ ನೋಡಿದರೆ ಸುಮ್ನೆ ಮುಂದೆ ಹೋಗಲು ಆಗುವುದಿಲ್ಲ. ಕೆ.ಆರ್. ಪೇಟೆ ತಾಲೂಕಿನ ಅಗ್ರಹಾರ ಬಾಚಹಳ್ಳಿಯಲ್ಲೂ ಗರುಡಗಂಬಗಳಿವೆ. ಅಲ್ಲಿ ಒಂದೇ ಮನೆತನದವರು ತಲೆಮಾರುಗಳ ಕಾಲ ಹೊಯ್ಸಳ ಅರಸರ ಜೊತೆ ಸತ್ತಿದ್ದಾರೆ. ಅಪ್ಪ, ತಾತ ಹೀಗೇ ಹೋದ ಮನೆಯಲ್ಲಿ ಮಗ 'ನನಗೆ ಬೇಡ' ಅನ್ನುವುದು ಎಷ್ಟು ಕಷ್ಟ, ಅಲ್ವಾ?

ಇದನ್ನೆಲ್ಲ ಓದಿ, ಆ ಕಾಲದ ಜನ ಅರಸನನ್ನು ದೇವರೆಂದು ನಂಬಿದ್ದರು ಅಂತ ಹೇಳಿಬಿಡುವುದು ಸುಲಭ. ನನಗೆ ಹಾಗನಿಸುವುದಿಲ್ಲ. ಅರಸರು ತಮ್ಮನ್ನು ಪೃಥ್ವೀವಲ್ಲಭ, ಅಂದರೆ ಭೂಮಿಯ ಗಂಡ, ಅಂತ ಕರೆಸಿಕೊಂಡದ್ದು ನಿಜ. ಆದರೆ ಆಳುಗಳ ಬಾಯಲ್ಲಿ ಬರುವ ಪದ ಜೋಳ. ದೇವರು ಹಾಕಿದ ಅನ್ನಕ್ಕೆ ಯಾರಾದರೂ ಲೆಕ್ಕ ಇಡುತ್ತಾರಾ? ಇಲ್ಲಿ ಲೆಕ್ಕ ಇದೆ.

ಇನ್ನು ಅರಮನೆಯ ಜೋಳ ಉಣ್ಣದವರ ಕಥೆಯೇ ಬೇರೆ. ಹಳ್ಳಿಗಳ ವೀರಗಲ್ಲುಗಳನ್ನು ನೋಡಿ. ಎಷ್ಟೋ ಜನ ಸತ್ತಿದ್ದು ತುರುಗೋಳಿನಲ್ಲಿ, ಅಂದರೆ ಕಳ್ಳರು ಹೊಡೆದುಕೊಂಡು ಹೋದ ದನಗಳನ್ನು ಬಿಡಿಸಲು ಹೋಗಿ. ಆ ಕಲ್ಲುಗಳಲ್ಲೂ ಅರಸನ ಹೆಸರು ಮೊದಲ ಸಾಲಿನಲ್ಲಿ ಬರುವುದುಂಟು, ಇಂಥವನು ರಾಜ್ಯವಾಳುತ್ತಿದ್ದಾಗ ಅಂತ. ನಾವು ಇಸವಿ ಬರೆಯುವ ಹಾಗೆ. ಆಮೇಲೆ ಅರಸನ ಸುದ್ದಿಯೇ ಇಲ್ಲ. ಊರು, ದನ, ಸತ್ತವನ ಹೆಸರು, ಮನೆಯವರಿಗೆ ಕೊಟ್ಟ ಗದ್ದೆ, ಅಷ್ಟೇ.

ಲಕ್ಷ್ಮನ ಸಾವಿಗಿಂತ ಸುಮಾರು ಅರ್ಧ ಶತಮಾನ ಮೊದಲೇ ಬಸವಣ್ಣ ಒಂದು ವಚನದಲ್ಲಿ ಅರಸನ ಬೆಲೆ ಕಟ್ಟಿದ್ದ. ಬೇಡ ಒಂದು ಸತ್ತ ಮೊಲ ತಂದರೆ ಕಾಸು ಕೊಟ್ಟು ಕೊಳ್ಳುವವರಿದ್ದಾರೆ, ನೆಲ ಆಳಿದವನ ಹೆಣವನ್ನು ಒಂದು ಅಡಿಕೆ ಕೊಟ್ಟು ಕೊಳ್ಳುವವರೂ ಇಲ್ಲ ಅನ್ನುತ್ತಾನೆ. ಹೇಳಿದವನು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿ. ಅರಮನೆಯ ಜೋಳ ಉಂಡವನೇ.