ಹಾಡಿನೊಳಗೆ ಹಿರಿಯರ ಹೆಸರು

ಪ್ರಶ್ನೆ: ಅಮೆರಿಕದ ಕಂಟ್ರಿ (ಹಳ್ಳಿಗಾಡಿನ ಜನಪದ ಬೇರಿನ ಸಂಗೀತ) ಗಾಯಕರು ತಮಗಿಂತ ಹಿಂದಿನ ಗಾಯಕರ ಹೆಸರನ್ನು ಹಾಡಿನೊಳಗೇ ಮತ್ತೆ ಮತ್ತೆ ತರುವುದೇಕೆ? ಅದು ಬರೀ ಹೊಗಳಿಕೆಯಲ್ಲವೇ?

ಬರೀ ಹೊಗಳಿಕೆಯಾಗಿದ್ದರೆ ಆ ಹಾಡುಗಳು ಇಷ್ಟು ಕಾಲ ಬಾಳುತ್ತಿರಲಿಲ್ಲ. ಅವುಗಳಲ್ಲಿ ಒಳ್ಳೆಯವು ಹಿರಿಯರ ಎದುರು ನಿಂತು ತಮ್ಮನ್ನೇ ಪ್ರಶ್ನಿಸಿಕೊಳ್ಳುತ್ತವೆ.

1975ರಲ್ಲಿ ವೇಲನ್ ಜೆನ್ನಿಂಗ್ಸ್ ಹಾಡಿದ ‘ಆರ್ ಯು ಶೂರ್ ಹ್ಯಾಂಕ್ ಡನ್ ಇಟ್ ದಿಸ್ ವೇ’ ಇದಕ್ಕೆ ಅತ್ಯುತ್ತಮ ನಿದರ್ಶನವೆಂದು ನಾನು ಭಾವಿಸುತ್ತೇನೆ. ಇಲ್ಲಿನ ಹ್ಯಾಂಕ್ ಎಂದರೆ ಅಲಬಾಮದ ಹಿರಿಯ ಕಂಟ್ರಿ ಗಾಯಕ ಹ್ಯಾಂಕ್ ವಿಲಿಯಮ್ಸ್. ಒಹಾಯೋದ ಕಾರ್ಯಕ್ರಮಕ್ಕೆಂದು ಹೊರಟಿದ್ದ ಅವರು 1953ರ ಹೊಸ ವರ್ಷದ ದಿನ ಕಾರಿನ ಹಿಂದಿನ ಸೀಟಿನಲ್ಲಿ ಶವವಾಗಿ ಕಂಡುಬಂದಾಗ ಅವರಿಗೆ 29 ವರ್ಷ. ಮಿರುಗುವ ದಿರಿಸು, ಹೊಸ ಹೊಸ ಕಾರು, ವರ್ಷಗಟ್ಟಲೆ ಬದಲಾಗದ ಅದೇ ಪಿಟೀಲು, ಅದೇ ಗಿಟಾರು ಇವನ್ನೆಲ್ಲ ಕಂಡು ಬೇಸತ್ತ ಗಾಯಕನೊಬ್ಬ, ಹ್ಯಾಂಕ್ ನಿಜವಾಗಿಯೂ ಹೀಗೆಯೇ ಮಾಡಿದ್ದರೇ ಎಂದು ಕೇಳುತ್ತಾನೆ. ಆದರೆ ಹಾಡಿನ ನಾದದಲ್ಲಿ ಹ್ಯಾಂಕ್ ಅವರ ಅನುಕರಣೆ ಲವಲೇಶವೂ ಇಲ್ಲ. ಎರಡೇ ಸ್ವರಮೇಳಗಳು, ಎಡೆಬಿಡದೆ ಬಡಿಯುವ ಡ್ರಮ್ಮು, ಗುಡುಗುವ ಎಲೆಕ್ಟ್ರಿಕ್ ಗಿಟಾರು. ಗುರುವನ್ನು ನೆನೆಯುವುದು ಬೇರೆ, ಗುರುವಿನ ನಕಲಾಗುವುದು ಬೇರೆ ಎಂಬುದನ್ನು ಮಾತಿಗಿಂತ ಆ ವಾದ್ಯಗಳೇ ಹೇಳುತ್ತವೆ.

ಮರ್ಲ್ ಹ್ಯಾಗರ್ಡ್ ಹಿಡಿದದ್ದು ಬೇರೆ ದಾರಿ. ಟೆಕ್ಸಾಸ್‌ನ ಪಿಟೀಲುವಾದಕ ಬಾಬ್ ವಿಲ್ಸ್ ಅವರಿಗೆ 1970ರಲ್ಲಿ ಒಂದು ಇಡೀ ಆಲ್ಬಮ್ ಅರ್ಪಿಸುವಾಗ, ಮೂವತ್ತು ದಾಟಿದ ಮೇಲೆ ತಾವೇ ಪಿಟೀಲು ಕಲಿತು, ವಿಲ್ಸ್ ಅವರ ಹಳೆಯ ವಾದ್ಯವೃಂದದ ಕೆಲವರನ್ನು ಕರೆಸಿ ಜೊತೆಗೆ ನುಡಿಸಿದರು. ಇಂಥ ಶ್ರಮವೂ ಗೌರವವೇ.

ಅಲನ್ ಜಾಕ್ಸನ್ ಅವರ ‘ಮಿಡ್‌ನೈಟ್ ಇನ್ ಮಾಂಟ್‌ಗೊಮರಿ’ಯಲ್ಲಿ, ಹೊಸ ವರ್ಷದ ಮುನ್ನಾದಿನದ ಕಾರ್ಯಕ್ರಮಕ್ಕೆ ಹೊರಟ ಗಾಯಕ ದಾರಿಯಲ್ಲಿ ಅಲಬಾಮದ ಮಾಂಟ್‌ಗೊಮರಿ ನಗರದಲ್ಲಿರುವ ಹ್ಯಾಂಕ್ ಅವರ ಸಮಾಧಿಯ ಬಳಿ ಒಂದು ಗಳಿಗೆ ನಿಲ್ಲುತ್ತಾನೆ. ಅಲ್ಲೊಬ್ಬ ಬಂದಂತಾಗಿ, ಮರುಕ್ಷಣ ಬರೀ ಗಾಳಿ ಉಳಿಯುತ್ತದೆ.

ಇದೇ ಮಾಂಟ್‌ಗೊಮರಿಯಲ್ಲಿ, 1939ರಲ್ಲಿ, ಬಡತನದಲ್ಲೇ ತೀರಿಕೊಂಡ ಇನ್ನೊಬ್ಬರನ್ನು ಇಲ್ಲಿ ಹೆಸರಿಸಲೇಬೇಕು. ಬೀದಿಯಲ್ಲಿ ಹಾಡುತ್ತಿದ್ದ ಕಪ್ಪು ಕಲಾವಿದ ರೂಫಸ್ ಪೇನ್, ಅಂದರೆ ಜನರ ಬಾಯಲ್ಲಿ ‘ಟೀ ಟಾಟ್’, ಬಾಲಕ ಹ್ಯಾಂಕ್‌ಗೆ ಗಿಟಾರ್ ಕಲಿಸಿದವರು. ಹ್ಯಾಂಕ್ ಈ ಋಣವನ್ನು ಬಾಯಿಬಿಟ್ಟು ಒಪ್ಪಿಕೊಂಡಿದ್ದರು. ಪೇನ್ ಅವರನ್ನು ಹೂಳಿದ ಜಾಗದ ಮೇಲೆ ಕಲ್ಲೊಂದನ್ನೂ ಇಟ್ಟಿರಲಿಲ್ಲ. ಅವರ ಹೆಸರನ್ನೇ ಶೀರ್ಷಿಕೆಯಾಗಿಸಿ, ಎಷ್ಟೋ ದಶಕಗಳ ನಂತರ, ಹಾಡು ಕಟ್ಟಿದವರು ಹ್ಯಾಂಕ್ ಅವರ ಮಗ, ಹ್ಯಾಂಕ್ ವಿಲಿಯಮ್ಸ್ ಜೂನಿಯರ್.