ಠರಾವು ದೆಹಲಿಗೆ ಹೋಗುತ್ತದೆ, ಸರ್ವೆ ನಂಬರ್ ಊರಲ್ಲೇ ಉಳಿಯುತ್ತದೆ

ಮಲೆನಾಡಿನ ಗ್ರಾಮ ಪಂಚಾಯಿತಿಗಳಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ದುಡಿದಿದ್ದೇನೆ. ಮೊದಲು ಕಾರ್ಯದರ್ಶಿ, ಆಮೇಲೆ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ನಡಾವಳಿ ಪುಸ್ತಕದಲ್ಲಿ ನನ್ನ ಕೈಬರಹದ ಠರಾವುಗಳು ಎಷ್ಟಿವೆಯೋ ಲೆಕ್ಕವಿಲ್ಲ. ಅದರಲ್ಲಿ ಒಂದನ್ನು ನೆನೆಸಿಕೊಂಡರೆ ಈಗಲೂ ನಾಚಿಕೆ ಆಗುತ್ತದೆ.

2018ರ ಮಾತು. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಬಂದಿತ್ತು. ಜನರ ಬಾಯಲ್ಲಿ ಅದು 'ಕಸ್ತೂರಿರಂಗನ್ ವರದಿ'. ಗ್ರಾಮ ಸಭೆ ಕರೆದೆವು. 'ಈ ವರದಿಯನ್ನು ಸಭೆಯು ಸರ್ವಾನುಮತದಿಂದ ವಿರೋಧಿಸುತ್ತದೆ' ಎಂದು ಬರೆದು, ಸಹಿ ಹಾಕಿಸಿ ಕಳಿಸಿದೆವು. ಒಕ್ಕಣೆ ನಮ್ಮದಲ್ಲ, ಪಕ್ಕದ ಪಂಚಾಯಿತಿಯಿಂದ ವಾಟ್ಸಾಪ್‌ನಲ್ಲಿ ಬಂದದ್ದು. ನಾವು ಊರಿನ ಹೆಸರು ಬದಲಾಯಿಸಿದ್ದೆವು, ಅಷ್ಟೇ. ಅದನ್ನೂ ಪೂರ್ತಿ ಮಾಡಿರಲಿಲ್ಲ. ಮೂರನೇ ಸಾಲಿನಲ್ಲಿ ಪಕ್ಕದ ಊರಿನ ಹೆಸರೇ ಉಳಿದುಬಿಟ್ಟಿತ್ತು.

ಈಗ ನಿವೃತ್ತನಾಗಿದ್ದೇನೆ. ಸದಸ್ಯರ ತರಬೇತಿಗೆ ಆಗಾಗ ಕರೆಯುತ್ತಾರೆ. ಅಲ್ಲಿ ಪ್ರತಿ ಸಲ ಒಬ್ಬರಾದರೂ ಕೇಳುತ್ತಾರೆ: "ಸರ್, ದೆಹಲಿಯಲ್ಲಿ ಕಾನೂನು ಮಾಡಿದ್ರೆ ನಮ್ಮಂಥ ಮೆಂಬರ್ ಏನು ಮಾಡಕ್ಕಾಗುತ್ತೆ?" ಚರಂಡಿ, ಬೀದಿದೀಪ, ನೀರಿನ ಟ್ಯಾಂಕ್ ಇಷ್ಟೇ ತಮ್ಮ ಕೆಲಸ ಅಂತ ಅವರ ಲೆಕ್ಕ. ನಾನು ಆ ನಾಚಿಕೆಯ ಠರಾವಿನಿಂದಲೇ ಉತ್ತರ ಶುರು ಮಾಡುತ್ತೇನೆ.

ಮೊದಲು ಹಿನ್ನೆಲೆ. ಪಶ್ಚಿಮ ಘಟ್ಟವನ್ನು ಉಳಿಸುವುದು ಹೇಗೆ ಅಂತ ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಅದು ತೀರಾ ಬಿಗಿಯಾಯಿತು ಅಂತ ಗಲಾಟೆಯಾಗಿ ಕಸ್ತೂರಿರಂಗನ್ ಸಮಿತಿ ಬಂತು, 2013ರ ಏಪ್ರಿಲ್‌ನಲ್ಲಿ ವರದಿ ಕೊಟ್ಟಿತು. ಅದರ ಮೇಲೆ ಕೇಂದ್ರ ಪರಿಸರ ಸಚಿವಾಲಯ 2014ರ ಮಾರ್ಚ್‌ನಲ್ಲಿ ಮೊದಲ ಕರಡು ಹೊರಡಿಸಿತು. ಕರಡಿಗೂ ಒಂದು ಆಯುಸ್ಸು ಇರುತ್ತದೆ. ಅಂತಿಮ ಆಗದಿದ್ದರೆ ಬಿದ್ದುಹೋಗುತ್ತದೆ, ಮತ್ತೆ ಹೊಸದು ಬರುತ್ತದೆ. ಹಾಗೆ 2015, 2017, 2018, 2022ರಲ್ಲಿ ಬಂದವು. ಆರನೆಯದು 2024ರ ಜುಲೈ 31ಕ್ಕೆ ಬಂತು. ಅದರ ಹಿಂದಿನ ದಿನವೇ ವಯನಾಡಿನಲ್ಲಿ ಗುಡ್ಡ ಕುಸಿದಿತ್ತು.

(ಒಂದು ಸಭೆಯಲ್ಲಿ ನಾನು 'ಕರಡಿಗೆ ಆಕ್ಷೇಪಣೆ ಸಲ್ಲಿಸಬೇಕು' ಅಂತ ಓದಿದೆ. ಹಿಂದಿನ ಬೆಂಚಿನಿಂದ ಒಬ್ಬ ಅಜ್ಜ, "ಕರಡಿಗೊಂದೇ ಯಾಕೆ ಮಾರಾಯ, ಹಂದಿಗೂ ಸಲ್ಲಿಸು, ನನ್ನ ಗದ್ದೆ ಉಳಿಸಿಲ್ಲ" ಅಂದರು. ಆ ದಿನ ಸಭೆ ಮುಂದೆ ಸಾಗಲಿಲ್ಲ.)

ಆರೂ ಕರಡುಗಳಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಬೆಳಗಾವಿಯಿಂದ ಚಾಮರಾಜನಗರದವರೆಗೆ ಹತ್ತು ಜಿಲ್ಲೆ. ಆ ಅಂಕಿ ಕದಲಲೇ ಇಲ್ಲ. ಎಷ್ಟು ಠರಾವು, ಎಷ್ಟು ಬಂದ್, ಎಷ್ಟು ಮತದಾನ ಬಹಿಷ್ಕಾರದ ಬ್ಯಾನರ್! ಅಂಕಿ ಮಾತ್ರ ಅಲ್ಲೇ ಕೂತಿದೆ.

ಕೇರಳದ್ದು ಕದಲಿತು. ಸಮಿತಿ ಅವರಿಗೆ ಹೇಳಿದ್ದು 13,108 ಚದರ ಕಿಲೋಮೀಟರ್. 2014ರ ಮೊದಲ ಕರಡಿನಲ್ಲೇ ಅದು 9,993.7ಕ್ಕೆ ಇಳಿದಿತ್ತು. ಕಾರಣ ಇಷ್ಟೇ: ಅವರು ಉಮ್ಮನ್ ವಿ. ಉಮ್ಮನ್ ನೇತೃತ್ವದಲ್ಲಿ ಒಂದು ಸಮಿತಿ ಮಾಡಿದರು. ಪಂಚಾಯಿತಿ ಮಟ್ಟದಲ್ಲಿ ತಂಡಗಳು ಗ್ರಾಮ ನಕಾಶೆ ಹಿಡಿದು ಓಡಾಡಿದವು. ಜನವಸತಿ ಯಾವುದು, ತೋಟ ಯಾವುದು, ನಿಜವಾದ ಕಾಡು ಯಾವುದು ಎಂದು ಬೇರೆ ಮಾಡಿ ತೋರಿಸಿದರು. ಹಾಗೆ ಬಿಟ್ಟದ್ದು ಸುಮಾರು 3,100 ಚದರ ಕಿಲೋಮೀಟರ್. ಅವರು ಬಿಟ್ಟದ್ದೆಲ್ಲ ಸರಿಯೇ ಅಂತ ನಾನು ಹೇಳುತ್ತಿಲ್ಲ. ಅದರ ಬಗ್ಗೆ ಜಗಳ ಇದ್ದೇ ಇದೆ. ಆದರೆ ದೆಹಲಿಗೆ ಅರ್ಥವಾಗುವ ಭಾಷೆಯಲ್ಲಿ ಮಾತಾಡಿದರು. ನಾವು 'ಬೇಡ' ಅಂದೆವು. ಬೇಡ ಅನ್ನುವುದಕ್ಕೆ ಸರ್ವೆ ನಂಬರ್ ಇರುವುದಿಲ್ಲ.

ಇಲ್ಲೇ ಮೆಂಬರ್ ಕೆಲಸ ಇರುವುದು. ಸಮಿತಿಯ ಲೆಕ್ಕಾಚಾರ ನೋಡಿ. ಉಪಗ್ರಹದ ಚಿತ್ರ ತೆಗೆದುಕೊಂಡು ಸಹಜ ಪ್ರಕೃತಿ ಎಲ್ಲಿದೆ, ಮನುಷ್ಯ ಮಾಡಿದ್ದು ಎಲ್ಲಿದೆ ಅಂತ ವಿಂಗಡಿಸಿದರು. ಒಂದು ಹಳ್ಳಿಯಲ್ಲಿ ಸೂಕ್ಷ್ಮ ಪ್ರದೇಶ ಶೇ. 20 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಇಡೀ ಹಳ್ಳಿ ಪಟ್ಟಿಗೆ ಸೇರಿತು. ಸಮಿತಿಯ ಪಟ್ಟಿಯಲ್ಲಿ ನಮ್ಮ ರಾಜ್ಯದ 1,576 ಹಳ್ಳಿಗಳು ಸೇರಿದ್ದು ಹೀಗೆ. ಮೇಲಿನಿಂದ ನೋಡಿದರೆ ನೆರಳಿನ ಮರದ ಕೆಳಗಿನ ಕಾಫಿ ತೋಟವೂ ಹಸಿರು, ಕಾನು ಅನ್ನುವ ದಟ್ಟ ಕಾಡೂ ಹಸಿರು. ಎರಡರ ನಡುವಿನ ಬೇಲಿ ಎಲ್ಲಿದೆ ಅಂತ ಹೇಳಬಲ್ಲವರು ಆ ವಾರ್ಡಿನವರು. ಕರ್ನಾಟಕದಲ್ಲಿ ಸುಮಾರು 400 ಜನಕ್ಕೆ ಒಬ್ಬ ಗ್ರಾಮ ಪಂಚಾಯಿತಿ ಸದಸ್ಯ. ಯಾವ ಎಂಪಿಗೂ ನಾಲ್ಕು ನೂರು ಜನರ ಬೇಲಿ ಗೊತ್ತಿರುವುದಿಲ್ಲ.

ಇನ್ನು ಕರಡಿನಲ್ಲಿ ಏನಿದೆ ಅನ್ನುವುದನ್ನು ಓದಿದವರು ಕಡಿಮೆ. 'ಒಕ್ಕಲೆಬ್ಬಿಸುತ್ತಾರೆ, ಮನೆಗೆ ಸುಣ್ಣ ಹೊಡೆಯಲೂ ಬಿಡುವುದಿಲ್ಲ' ಅಂತ ಮೈಕಿನಲ್ಲಿ ಹೇಳುವುದನ್ನು ನಾನೇ ಕೇಳಿದ್ದೇನೆ. ಅದರಲ್ಲಿರುವ ಮುಖ್ಯ ನಿಷೇಧಗಳು ಬೇರೆ. ಗಣಿ, ಕಲ್ಲು ಕ್ವಾರಿ, ಮರಳು ತೆಗೆಯುವುದು ಪೂರ್ತಿ ಬಂದ್. ಈಗಿರುವ ಗಣಿಗಳು ಐದು ವರ್ಷದೊಳಗೆ ಅಥವಾ ಗುತ್ತಿಗೆ ಮುಗಿದಾಗ, ಯಾವುದು ಮೊದಲೋ ಆಗ ನಿಲ್ಲಬೇಕು. ಹೊಸ ಉಷ್ಣ ವಿದ್ಯುತ್ ಸ್ಥಾವರ ಇಲ್ಲ. ಕೆಂಪು ಪಟ್ಟಿಯ, ಅಂದರೆ ಹೆಚ್ಚು ಮಾಲಿನ್ಯ ಮಾಡುವ ಹೊಸ ಕೈಗಾರಿಕೆ ಇಲ್ಲ. 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡ ಇಲ್ಲ. ಇದನ್ನು ಅಡಿಗೆ ತಂದರೆ ಎರಡು ಲಕ್ಷ ಚದರ ಅಡಿ ದಾಟುತ್ತದೆ. ನಮ್ಮ ಊರಲ್ಲಿ ಅಷ್ಟು ದೊಡ್ಡದು ಯಾರ ಮನೆ? ಈಗಿರುವ ಮನೆಯ ರಿಪೇರಿಗೆ, ವಿಸ್ತರಣೆಗೆ ತಡೆಯಿಲ್ಲ ಅಂತ ಕರಡಿನಲ್ಲೇ ಇದೆ.

ಹಾಗಂತ ಜನರ ಹೆದರಿಕೆ ಸುಳ್ಳಲ್ಲ. ಮಲೆನಾಡಿನ ರೈತನಿಗೆ ಕಾಗದದಲ್ಲಿ ಇಲ್ಲದ ಜಮೀನೇ ಜಾಸ್ತಿ. ಬಗರ್ ಹುಕುಂ ಅರ್ಜಿ ಹಾಕಿ ಅಪ್ಪ ಹೋದ, ಮಗನಿಗೂ ವಯಸ್ಸಾಯಿತು. ಅಂಥವನಿಗೆ 'ಸೂಕ್ಷ್ಮ' ಅನ್ನುವ ಇನ್ನೊಂದು ಮುದ್ರೆ ಬಿದ್ದರೆ ನಿದ್ದೆ ಬರುತ್ತದಾ? ಅದರ ಮೇಲೆ ಮೂರು ಸಂಗತಿ ಕಲಸಿಹೋಗಿವೆ. ಒಂದು ಈ ಪರಿಸರ ಸೂಕ್ಷ್ಮ ಪ್ರದೇಶ. ಎರಡನೆಯದು ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಸುತ್ತ ಬರುವ ಪರಿಸರ ಸೂಕ್ಷ್ಮ ವಲಯ. ಮೂರನೆಯದು ಡೀಮ್ಡ್ ಫಾರೆಸ್ಟ್, ಅಂದರೆ ಅರಣ್ಯ ಅಂತ ಘೋಷಣೆ ಆಗದಿದ್ದರೂ ಅರಣ್ಯ ಅಂತಲೇ ಪರಿಗಣಿಸುವ ಜಾಗ. ಮೂರಕ್ಕೂ ಕಾನೂನು ಬೇರೆ, ಅರ್ಜಿ ಕೊಡುವ ಜಾಗವೂ ಬೇರೆ. ಡೀಮ್ಡ್ ಫಾರೆಸ್ಟ್ 2022ರಲ್ಲಿ 9.94 ಲಕ್ಷ ಹೆಕ್ಟೇರಿನಿಂದ ಸುಮಾರು 3.30 ಲಕ್ಷಕ್ಕೆ ಇಳಿದದ್ದು ರಾಜ್ಯದ ಮಟ್ಟದಲ್ಲಿ. ಅದಕ್ಕೂ ಕಸ್ತೂರಿರಂಗನ್ ವರದಿಗೂ ಸಂಬಂಧವಿಲ್ಲ. ಮೆಂಬರ್ ಮೊದಲು ಮಾಡಬೇಕಾದ್ದು ಈ ಮೂರನ್ನು ಬಿಡಿಸಿ ಹೇಳುವುದು. ಅದನ್ನು ಹೇಳಿದ ದಿನ ಸಭೆಯಲ್ಲಿ ಅರ್ಧ ಕೂಗಾಟ ತಾನಾಗಿ ಇಳಿಯುವುದನ್ನು ನೋಡಿದ್ದೇನೆ. ಉಳಿದ ಅರ್ಧ ಕೂಗಾಟದಲ್ಲಿ ಕ್ವಾರಿಯವರ ದನಿ ಎಷ್ಟು, ಅಡಿಕೆ ಬೆಳೆಗಾರನ ದನಿ ಎಷ್ಟು ಅಂತ ಕಿವಿಗೊಟ್ಟು ಕೇಳಿ. ಗೊತ್ತಾಗುತ್ತದೆ.

ಕಾನೂನಿನ ದಾರಿ ಸುಲಭ. ಕರಡು ಪ್ರಕಟವಾದ ಮೇಲೆ ಆಕ್ಷೇಪಣೆಗೆ 60 ದಿನ. ಯಾರು ಬೇಕಾದರೂ ನೇರವಾಗಿ ಕೇಂದ್ರ ಪರಿಸರ ಸಚಿವಾಲಯಕ್ಕೆ ಬರೆಯಬಹುದು. ತಾಲ್ಲೂಕು ಕಚೇರಿಯ ಮೂಲಕವೇ ಹೋಗಬೇಕು ಅಂತಿಲ್ಲ. ಗ್ರಾಮ ಸಭೆಯ ಠರಾವು ಕೇಂದ್ರದ ಅಧಿಸೂಚನೆಯನ್ನು ರದ್ದು ಮಾಡುವುದಿಲ್ಲ, ಅದನ್ನು ಒಪ್ಪಿಕೊಂಡೇ ಹೊರಡಬೇಕು. 2024ರ ಸೆಪ್ಟೆಂಬರ್ 26ರಂದು ರಾಜ್ಯ ಸಚಿವ ಸಂಪುಟವೇ ವರದಿಯನ್ನು ತಿರಸ್ಕರಿಸಿತು. ಆದರೆ ಅಧಿಸೂಚನೆ ಹೊರಡಿಸುವ ಅಧಿಕಾರ ಇರುವುದು ಪರಿಸರ ಸಂರಕ್ಷಣಾ ಕಾಯಿದೆಯಡಿ ಕೇಂದ್ರಕ್ಕೆ.

ಇನ್ನೊಂದು ಸಾಮಾನು ಪ್ರತಿ ಪಂಚಾಯಿತಿಯ ಬೀರುವಿನಲ್ಲಿ ಇರಬೇಕು, ಯಾರೂ ಮುಟ್ಟುವುದಿಲ್ಲ. 2002ರ ಜೀವವೈವಿಧ್ಯ ಕಾಯಿದೆ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ಯಾವ ಹಳ್ಳ, ಯಾವ ದೇವರಕಾಡು, ಯಾವ ಮರ, ಯಾವ ಮೀನು, ಎಲ್ಲ. ನಾನು ನೋಡಿದ ಪಂಚಾಯಿತಿಗಳಲ್ಲಿ ಹೊರಗಿನವರು ಬಂದು ಎರಡು ದಿನದಲ್ಲಿ ತುಂಬಿಸಿ ಹೋದದ್ದೇ ಜಾಸ್ತಿ. ಸರಿಯಾಗಿ ಬರೆದಿದ್ದರೆ ಆಕ್ಷೇಪಣೆಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

2024ರಲ್ಲಿ ಒಬ್ಬ ಸದಸ್ಯೆ ನನ್ನ ಹತ್ತಿರ ಬಂದರು. ಮೊದಲ ಸಲ ಗೆದ್ದವರು. ನನ್ನ ಹಳೇ ಠರಾವಿನ ಕಥೆ ಕೇಳಿ ನಕ್ಕರು. ಆಮೇಲೆ ಗ್ರಾಮ ನಕಾಶೆ ತೆಗೆಸಿ ಹದಿನೈದು ದಿನ ವಾರ್ಡ್ ಸುತ್ತಿದರು. ಒಂದು ಹಾಳೆ, ಮೂರು ಕಾಲಂ. ಸರ್ವೆ ನಂಬರ್, ಪಹಣಿಯಲ್ಲಿ ಏನಿದೆ, ನೆಲದ ಮೇಲೆ ಏನಿದೆ. ತೋಟ, ಮನೆ, ಗದ್ದೆ ಇರುವ ನಂಬರುಗಳನ್ನು ಬಿಡಿ ಅಂತ ಕೇಳಿದರು. ಊರಿನ ಟ್ಯಾಂಕಿಗೆ ನೀರು ಬರುವ ಹಳ್ಳದ ಮೇಲಿನ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ಮಾತ್ರ ಪಟ್ಟಿಯಲ್ಲೇ ಇರಲಿ ಅಂತ ಬರೆದರು.

ಸಭೆಯಲ್ಲಿ ಅದೇ ಜಗಳ. "ಅಕ್ಕಾ, ನೀವು ವಿರೋಧ ಮಾಡ್ತೀರೋ, ಒಪ್ತೀರೋ? ಒಂದು ಹೇಳಿ" ಅಂತ ಒಬ್ಬರು ಎದ್ದರು. "ತೋಟಕ್ಕೆ ಬೇಡ, ಬೆಟ್ಟಕ್ಕೆ ಬೇಕು. ಎರಡೂ ಬರ್ಕೊಳ್ಳಿ" ಅಂದರು ಆಕೆ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆ ಇಲ್ಲದೆ ನಡೆಯುವುದರ ಲಾಭ ಇದೇ ಇರಬೇಕು. ಆಕೆಯ ಹಿಂದೆ ಯಾವ ಪಕ್ಷದವರಿದ್ದಾರೆ ಅಂತ ಊರಿಗೆಲ್ಲ ಗೊತ್ತು, ಆದರೆ ಪಕ್ಷ ಹೇಳಿದ್ದನ್ನೇ ಹೇಳಬೇಕಾದ ಹಂಗು ಕಾಗದದ ಮೇಲೆ ಇಲ್ಲ. ಹೇಗೂ ವಿಧಾನ ಪರಿಷತ್ತಿನ 25 ಸ್ಥಾನಗಳಿಗೆ ಮತ ಹಾಕುವವರಲ್ಲಿ ಗ್ರಾಮ ಪಂಚಾಯಿತಿ ಸದಸ್ಯರೂ ಇದ್ದಾರೆ. ಆ ಚುನಾವಣೆ ಬಂದಾಗ ದೊಡ್ಡವರು ತಾವಾಗಿ ಮನೆಗೆ ಬರುತ್ತಾರೆ. ಬಂದವರ ಕೈಗೆ ಆ ಹಾಳೆಯ ಒಂದು ಜೆರಾಕ್ಸ್ ಕೊಡಿ ಅಂತ ಹೇಳಿದ್ದೇನೆ.

ಆಕ್ಷೇಪಣೆಗೆ ಉತ್ತರ ಬಂದಿಲ್ಲ. ರಿಜಿಸ್ಟರ್ ಪೋಸ್ಟಿನ ರಸೀದಿ ಮತ್ತು ಮೂರು ಕಾಲಮ್ಮಿನ ಹಾಳೆ ಆಕೆಯ ಫೈಲಿನಲ್ಲಿ ಭದ್ರವಾಗಿವೆ. ಮೊನ್ನೆ ಫೋನ್ ಮಾಡಿದ್ದರು. "ಇನ್ನೊಂದು ಕರಡು ಬಂದ್ರೆ ದಿನಾಂಕ ಬದಲಾಯಿಸಿ ಕಳಿಸಿದ್ರೆ ಆಯ್ತು ಅಲ್ವಾ ಸರ್? ಪಕ್ಕದ ವಾರ್ಡಿನವರೂ ಪ್ರತಿ ಕೇಳ್ತಿದಾರೆ."

ಕೊಡಿ, ಆದರೆ ಊರಿನ ಹೆಸರು ಮೂರನೇ ಸಾಲಿನಲ್ಲೂ ಬದಲಾಯಿಸೋಕೆ ಹೇಳಿ ಅಂದೆ.